ಒಡೆಯುವುದೆಂದು ತಿಳಿದೂ ಒಡೆಯದಿದ್ದ ಸಂಖ್ಯೆ

147573952589676412927

ಇಪ್ಪತ್ತೊಂದು ಅಂಕಗಳ ಈ ಸಂಖ್ಯೆಯನ್ನು ವಾಚಕರು ಒಮ್ಮೆ ಬಾಯಿಬಿಟ್ಟು ಓದಲು ಯತ್ನಿಸಿ ನೋಡಬೇಕು. ನಮ್ಮ ದಿನಬಳಕೆಯ ಲಕ್ಷ, ಕೋಟಿಗಳು ಅರ್ಧ ದಾರಿಯಲ್ಲಿಯೇ ಕೈಬಿಡುತ್ತವೆ. ಸುಮಾರು ಹನ್ನೆರಡು ಶತಮಾನಗಳ ಹಿಂದೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನಿಗೆ ಈ ತೊಂದರೆ ಇರಲಿಲ್ಲ. ಅವನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಒಂದೊಂದು ಹೆಸರನ್ನು ಕೊಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಸ್ಥಾನ ಶಂಖ, ಇಪ್ಪತ್ತನೆಯದು ಮಹಾಶಂಖ, ಇಪ್ಪತ್ತೊಂದನೆಯದು ಕ್ಷಿತಿ. ಆದುದರಿಂದ ನಮ್ಮ ಸಂಖ್ಯೆಯನ್ನು ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ ಎಂದು ಗಂಭೀರವಾಗಿಯೇ ಆರಂಭಿಸಬಹುದು.

ನೋಡಲು ಇಷ್ಟು ಅಸ್ತವ್ಯಸ್ತವಾಗಿದ್ದರೂ ಇದರ ಹುಟ್ಟು ಸರಳವಾದದ್ದು. ಅರವತ್ತೇಳು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆದರೆ ಇದು ದೊರೆಯುತ್ತದೆ. ಗಣಿತದ ಸಂಕೇತದಲ್ಲಿ ಇದು 2⁶⁷ − 1. ಗಣಕಯಂತ್ರಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅರವತ್ತೇಳು ಒಂದುಗಳ ಸಾಲೇ ಹೊರತು ಬೇರೇನೂ ಇರುವುದಿಲ್ಲ. ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ ‘ಹನೋಯ್ ಗೋಪುರ’ವೆಂಬ ಆಟವನ್ನು ಕೆಲವರು ಆಡಿರಬಹುದು. ಅರವತ್ತೇಳು ಬಿಲ್ಲೆಗಳ ಗೋಪುರವನ್ನು ಪೂರ್ತಿಯಾಗಿ ಸಾಗಿಸಲು ಬೇಕಾಗುವ ಕನಿಷ್ಠ ನಡೆಗಳ ಸಂಖ್ಯೆಯೂ ಇದೇ. ಆ ಆಟವನ್ನು 1883ರಲ್ಲಿ ಬೆಳಕಿಗೆ ತಂದ ಫ್ರೆಂಚ್ ಗಣಿತಜ್ಞ ಎಡ್ವರ್ ಲ್ಯೂಕಾನನ್ನು ನಾವು ಈ ಲೇಖನದಲ್ಲಿ ಮತ್ತೊಮ್ಮೆ ಭೇಟಿಯಾಗಲಿದ್ದೇವೆ.

ಈ ಸಂಖ್ಯೆಯನ್ನು ಕುರಿತ ಪ್ರಶ್ನೆಯೂ ಸರಳವೇ. ಇದು ಅವಿಭಾಜ್ಯವೆ? ಅಂದರೆ ಒಂದು ಮತ್ತು ಈ ಸಂಖ್ಯೆಯೇ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದುದೆ? ಅಲ್ಲವಾದರೆ ಇದನ್ನು ಒಡೆದಾಗ ಸಿಕ್ಕುವ ತುಂಡುಗಳು ಯಾವುವು? ಹೀಗೆ ಕೇಳಿದಾಗ ಇವೆರಡೂ ಒಂದೇ ಪ್ರಶ್ನೆಯ ಎರಡು ಭಾಗಗಳೆಂದು ತೋರುತ್ತದೆ. ವಾಸ್ತವವಾಗಿ ಮೊದಲನೆಯದರ ಉತ್ತರಕ್ಕೂ ಎರಡನೆಯದರ ಉತ್ತರಕ್ಕೂ ನಡುವೆ ಇಪ್ಪತ್ತೇಳು ವರ್ಷಗಳು ಉರುಳಿದುವು.

ಪ್ರಶ್ನೆಯನ್ನು ಎಬ್ಬಿಸಿದವನು ಪ್ಯಾರಿಸಿನ ಒಬ್ಬ ಸಂನ್ಯಾಸಿ. ಮರೆನ್ ಮರ್ಸೆನ್ (1588–1648) ಕ್ರೈಸ್ತ ಮಠವೊಂದರಲ್ಲಿದ್ದುಕೊಂಡು ಡೇಕಾರ್ಟ್, ಫರ್ಮಾ ಮೊದಲಾದ ವಿದ್ವಾಂಸರೊಡನೆ ನಿರಂತರವಾಗಿ ಪತ್ರವ್ಯವಹಾರ ನಡೆಸುತ್ತಿದ್ದನು. ವಿಜ್ಞಾನಪತ್ರಿಕೆಗಳಿಲ್ಲದಿದ್ದ ಆ ಕಾಲದಲ್ಲಿ ಒಬ್ಬರ ಶೋಧ ಇನ್ನೊಬ್ಬರಿಗೆ ತಲುಪುತ್ತಿದ್ದುದು ಬಹುಮಟ್ಟಿಗೆ ಇವನ ಕಾಗದಗಳ ಮೂಲಕವೇ. ಎರಡರ ಘಾತದಿಂದ ಒಂದನ್ನು ಕಳೆದು ಬರುವ ಸಂಖ್ಯೆಗಳು ಗ್ರೀಕರ ಕಾಲದಿಂದಲೂ ಕುತೂಹಲದ ವಸ್ತುವಾಗಿದ್ದುವು. ಏಕೆಂದರೆ ಅಂಥದೊಂದು ಅವಿಭಾಜ್ಯ ಸಿಕ್ಕಿತೆಂದರೆ ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಕಟ್ಟಬಹುದೆಂದು ಯೂಕ್ಲಿಡನು ತೋರಿಸಿದ್ದನು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದಾಗ ತನಗೆ ತಾನೇ ಸಮನಾಗುವ 6, 28, 496ರಂತಹ ಸಂಖ್ಯೆಗಳೇ ಪರಿಪೂರ್ಣ ಸಂಖ್ಯೆಗಳು.

ಘಾತಾಂಕವೇ ಭಾಗವಾಗುವಂಥದಾದರೆ ಸಂಖ್ಯೆಯೂ ಭಾಗವಾಗುವುದು ಖಚಿತ; 2⁹ − 1 = 511 = 7 × 73. ಆದ್ದರಿಂದ ಘಾತಾಂಕ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟು ಸಾಲದು. 11 ಅವಿಭಾಜ್ಯ; 2¹¹ − 1 = 2047 ಮಾತ್ರ 23 × 89. 1644ರಲ್ಲಿ ಮರ್ಸೆನ್ ಒಂದು ಪಟ್ಟಿಯನ್ನು ಪ್ರಕಟಿಸಿದನು. 257ರ ವರೆಗೆ 2, 3, 5, 7, 13, 17, 19, 31, 67, 127, 257 ಈ ಹನ್ನೊಂದು ಘಾತಾಂಕಗಳಿಗೆ ಮಾತ್ರ ಅವಿಭಾಜ್ಯ ಸಂಖ್ಯೆ ದೊರೆಯುವುದೆಂದು ಅವನ ಹೇಳಿಕೆ. ಇದಕ್ಕೆ ಅವನು ಸಾಧನೆಯನ್ನು ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. ಹದಿನೈದು ಇಪ್ಪತ್ತು ಅಂಕಗಳ ಸಂಖ್ಯೆಯೊಂದನ್ನು ಪರೀಕ್ಷಿಸಲು ಇರುವ ಕಾಲವೆಲ್ಲ ಸಾಲದೆಂದು ಅವನೇ ಒಪ್ಪಿಕೊಂಡಿದ್ದನು.

ಅವನ ಮಾತು ಎಷ್ಟು ನಿಜವೆಂಬುದನ್ನು ಲೆಕ್ಕ ಹಾಕಿ ನೋಡೋಣ. ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 1,215 ಕೋಟಿ. ಸಂಖ್ಯೆ ಒಡೆಯುವುದಾದರೆ ಅದರ ಒಂದು ತುಂಡಾದರೂ ಇದರೊಳಗೆ ಸಿಕ್ಕಬೇಕು. ಬೆಸ ಸಂಖ್ಯೆಗಳಿಂದ ಮಾತ್ರ ಭಾಗಿಸುತ್ತ ಹೋದರೂ 607 ಕೋಟಿ ಭಾಗಾಕಾರಗಳು. ನಿದ್ದೆ, ಊಟಗಳನ್ನು ಬಿಟ್ಟು ನಿಮಿಷಕ್ಕೊಂದರಂತೆ ಮಾಡುವ ಮಹಾತ್ಮನೊಬ್ಬನಿದ್ದರೆ ಅವನಿಗೆ ಹನ್ನೊಂದು ಸಾವಿರ ವರ್ಷಗಳಿಗೂ ಮಿಕ್ಕಿ ಹಿಡಿಯುತ್ತದೆ.

ಹಾಗಾದರೆ ಭಾಗಿಸದೆಯೇ ತಿಳಿಯುವ ಉಪಾಯವೇನಾದರೂ ಉಂಟೆ? ಉಂಟು. ಅದರ ಬೀಜ ಮರ್ಸೆನನ ಗೆಳೆಯ ಫರ್ಮಾ ಕಂಡುಹಿಡಿದ ಒಂದು ಪ್ರಮೇಯದಲ್ಲಿದೆ. 23 ಎಂಬ ಅವಿಭಾಜ್ಯವನ್ನು ತೆಗೆದುಕೊಳ್ಳೋಣ. ಒಂದರಿಂದ ಹೊರಟು ಮತ್ತೆ ಮತ್ತೆ ಇಮ್ಮಡಿಸುತ್ತ, 23ನ್ನು ಮೀರಿದಾಗಲೆಲ್ಲ ಅದನ್ನು ಕಳೆಯುತ್ತ ಹೋದರೆ 1, 2, 4, 8, 16, 9, 18, 13, 3, 6, 12 ಎಂದು ಬಂದು, ಮುಂದೆ ಮತ್ತೆ 1 ಬರುತ್ತದೆ. ಹನ್ನೊಂದು ಮಣಿಗಳ ಒಂದು ಮಾಲೆ ಮುಗಿಯಿತು. ಇದರಲ್ಲಿ ಸೇರದೆ ಉಳಿದ 5ರಿಂದ ಹೊರಟರೆ 5, 10, 20, 17, 11, 22, 21, 19, 15, 7, 14 ಎಂದು ಸಾಗಿ ಮತ್ತೆ 5ಕ್ಕೆ ಬರುತ್ತೇವೆ. ಇದೂ ಹನ್ನೊಂದೇ ಮಣಿಗಳ ಮಾಲೆ. ಎರಡು ಮಾಲೆಗಳೂ ಸೇರಿ 1ರಿಂದ 22ರ ವರೆಗಿನ ಶೇಷಗಳೆಲ್ಲವೂ ಒಂದೊಂದು ಬಾರಿ ಬಂದುಹೋದುವು. ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ (2ನ್ನು ಬಿಟ್ಟು) ಹೀಗೆಯೇ: ಅದಕ್ಕಿಂತ ಒಂದು ಕಡಮೆಯಾದಷ್ಟು ಶೇಷಗಳು ಸಮಾನ ಉದ್ದದ ಮಾಲೆಗಳಾಗಿ ಹಂಚಿಕೊಳ್ಳುತ್ತವೆ. ಆದ್ದರಿಂದ ಅಷ್ಟು ಬಾರಿ ಇಮ್ಮಡಿಸಿದಾಗ ಮಾಲೆ ಪೂರ್ಣವಾಗಿ ಸುತ್ತಿ ಬಂದು ಶೇಷ 1 ಆಗಲೇಬೇಕು. 13ರಲ್ಲಿ ನೋಡಿ: 2¹² ಅಂದರೆ 4096; 13 × 315 = 4095; ಶೇಷ 1.

ಈಗ 15ನ್ನು ಹೀಗೆಯೇ ಪರೀಕ್ಷಿಸೋಣ. 2¹⁴ ಅಂದರೆ 16384; 15 × 1092 = 16380; ಶೇಷ 4. ಒಂದು ಬರಲಿಲ್ಲ, ಆದ್ದರಿಂದ 15 ಅವಿಭಾಜ್ಯವಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ಐದಲೆ ಹದಿನೈದು ಎಂಬುದನ್ನು ನಾವು ಎಲ್ಲಿಯೂ ಬಳಸಲಿಲ್ಲ. 15 ಒಡೆಯುತ್ತದೆಂದು ಸಿದ್ಧವಾಯಿತು. ಯಾವುದರಿಂದ ಒಡೆಯುತ್ತದೆಂಬುದರ ಸುಳಿವು ಆ ನಾಲ್ಕರಲ್ಲಿ ಇಲ್ಲ. ವೈದ್ಯನು ನಾಡಿ ಹಿಡಿದು ಜ್ವರವಿದೆಯೆಂದು ಹೇಳಿದಂತೆ; ಕಾರಣ ಏನೆಂಬುದು ಬೇರೆಯೇ ಮಾತು. ಈ ಪರೀಕ್ಷೆ ಒಮ್ಮೊಮ್ಮೆ ಮೋಸಹೋಗುವುದೂ ಉಂಟು. 341 ಎಂಬುದು 11 × 31 ಆದರೂ 2³⁴⁰ನ್ನು ಅದರಿಂದ ಭಾಗಿಸಿದರೆ ಶೇಷ 1 ಬರುತ್ತದೆ. ಮರ್ಸೆನನ ಸಂಖ್ಯೆಗಳಂತೂ ಎರಡರ ಘಾತಗಳಿಂದಲೇ ಹುಟ್ಟಿದುವಾದುದರಿಂದ, ಎರಡನ್ನಿಟ್ಟುಕೊಂಡು ಮಾಡುವ ಈ ಪರೀಕ್ಷೆಯಲ್ಲಿ ಎಲ್ಲವೂ ತೇರ್ಗಡೆಯಾಗಿಬಿಡುತ್ತವೆ. ಅವಕ್ಕೆ ಬೇರೊಂದು ನಿಕಷ ಬೇಕಾಗಿದ್ದಿತು.

ಅದನ್ನು ಒದಗಿಸಿದವನು ಲ್ಯೂಕಾ. ಅವನ ವಿಧಾನವನ್ನು ಅಮೆರಿಕದ ಡಿ. ಎಚ್. ಲೇಮರ್ 1930ರಲ್ಲಿ ಚೊಕ್ಕಟಗೊಳಿಸಿದ ರೂಪದಲ್ಲಿ ಹೇಳುವುದಾದರೆ ಹೀಗೆ: 4ರಿಂದ ಆರಂಭಿಸಿ. ಅದರ ವರ್ಗದಿಂದ 2ನ್ನು ಕಳೆಯಿರಿ. ಬಂದುದರ ವರ್ಗದಿಂದ ಮತ್ತೆ 2ನ್ನು ಕಳೆಯಿರಿ. ಪರೀಕ್ಷಿಸಬೇಕಾದ ಸಂಖ್ಯೆಯನ್ನು ಮೀರಿದಾಗಲೆಲ್ಲ ಅದರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿರಿ. ಘಾತಾಂಕಕ್ಕಿಂತ ಎರಡು ಕಡಮೆಯಾದಷ್ಟು ಬಾರಿ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2⁵ − 1 = 31ಕ್ಕೆ ಮೂರು ಬಾರಿ ಸಾಕು: 4, 14, 8, 0. ಆದ್ದರಿಂದ 31 ಅವಿಭಾಜ್ಯ. 2047ಕ್ಕೆ ಒಂಬತ್ತು ಬಾರಿ: 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ, 2047 ಒಡೆಯುತ್ತದೆ. ಆದರೆ 1736ನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದರಲ್ಲಿ 23 ಆಗಲಿ 89 ಆಗಲಿ ಕಾಣುವುದಿಲ್ಲ.

1876ರಲ್ಲಿ ಲ್ಯೂಕಾ ತನ್ನ ವಿಧಾನದಿಂದ ಎರಡು ಫಲಿತಾಂಶಗಳನ್ನು ಪ್ರಕಟಿಸಿದನು. ಮೂವತ್ತೊಂಬತ್ತು ಅಂಕಗಳ 2¹²⁷ − 1 ಅವಿಭಾಜ್ಯವೆಂಬುದು ಒಂದು. 1951ರ ವರೆಗೆ, ಎಂದರೆ ಎಪ್ಪತ್ತೈದು ವರ್ಷಗಳ ಕಾಲ, ಅದಕ್ಕಿಂತ ದೊಡ್ಡ ಅವಿಭಾಜ್ಯವೊಂದು ಮನುಷ್ಯರಿಗೆ ತಿಳಿದಿರಲಿಲ್ಲ. 2⁶⁷ − 1 ಅವಿಭಾಜ್ಯವಲ್ಲವೆಂಬುದು ಇನ್ನೊಂದು. ಹಾಗೆ ಮರ್ಸೆನನ ಪಟ್ಟಿಯಿಂದ 67 ಬಿದ್ದುಹೋಯಿತು. ಮುಂದೆ 257ಕ್ಕೂ ಅದೇ ಗತಿಯಾಯಿತು. ಅವನು ಕೈಬಿಟ್ಟಿದ್ದ 61, 89, 107 ಪಟ್ಟಿಗೆ ಸೇರಿದುವು. 61 ಎಂದಿರಬೇಕಾದುದು 67 ಎಂದು ಅಚ್ಚಾಯಿತೇನೋ ಎಂದು ಊಹಿಸಿ ಸಂನ್ಯಾಸಿಯ ಮಾನವನ್ನು ಉಳಿಸಲು ಯತ್ನಿಸಿದವರೂ ಇದ್ದಾರೆ. 89, 107 ಏಕೆ ತಪ್ಪಿದುವೆಂಬುದಕ್ಕೆ ಈ ಊಹೆಯಲ್ಲಿ ಉತ್ತರವಿಲ್ಲ.

ಈಗ ಒಂದು ವಿಚಿತ್ರ ಸ್ಥಿತಿ ಒದಗಿತು. ಸಂಖ್ಯೆ ಒಡೆಯುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಒಡೆದು ತೋರಿಸಬಲ್ಲವರು ಯಾರೂ ಇಲ್ಲ.

ಒಡೆಯಲು ಹೊರಟವರಿಗೆ ನಮ್ಮ ಮಾಲೆಗಳೇ ಮತ್ತೆ ಸಹಾಯಕ್ಕೆ ಬರುತ್ತವೆ. ಯಾವುದೋ ಒಂದು ಅವಿಭಾಜ್ಯವು 2⁶⁷ − 1ನ್ನು ಭಾಗಿಸುತ್ತದೆಂದು ಭಾವಿಸಿ. ಎಂದರೆ ಅದರ ಲೆಕ್ಕದಲ್ಲಿ ಅರವತ್ತೇಳು ಬಾರಿ ಇಮ್ಮಡಿಸಿದಾಗ ಮರಳಿ 1 ಬರುತ್ತದೆ. 67 ತಾನೇ ಅವಿಭಾಜ್ಯವಾದುದರಿಂದ ಮಾಲೆ ಅದಕ್ಕಿಂತ ಗಿಡ್ಡವಾಗಿರುವಂತಿಲ್ಲ. ಅದರಲ್ಲಿ ಸರಿಯಾಗಿ 67 ಮಣಿಗಳಿರಬೇಕು. ಶೇಷಗಳೆಲ್ಲ ಅಂತಹ ಮಾಲೆಗಳಾಗಿ ಹಂಚಿಹೋಗಬೇಕಾದರೆ, ಆ ಅವಿಭಾಜ್ಯದಿಂದ ಒಂದನ್ನು ಕಳೆದಾಗ ಉಳಿಯುವುದು 67ರಿಂದ ಭಾಗವಾಗಬೇಕು. ಅದು ಸಮಸಂಖ್ಯೆಯೂ ಆದುದರಿಂದ 134ರಿಂದ ಭಾಗವಾಗಬೇಕು. ಇದರ ಮೇಲೆ ಇನ್ನೊಂದು ನಿಯಮವೂ ಉಂಟು. 2⁶⁸ ಒಂದು ಪೂರ್ಣವರ್ಗ, 2³⁴ರ ವರ್ಗ. ಅದನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 2. ಎಂದರೆ 2 ಒಂದು ವರ್ಗದ ಶೇಷವಾಗುತ್ತದೆ. ಈ ಗುಣವುಳ್ಳ ಬೆಸ ಅವಿಭಾಜ್ಯಗಳನ್ನು 8ರಿಂದ ಭಾಗಿಸಿದಾಗ 1 ಇಲ್ಲವೆ 7 ಮಾತ್ರ ಉಳಿಯುವುದೆಂಬುದು ಸಂಖ್ಯಾಶಾಸ್ತ್ರದ ಪ್ರಸಿದ್ಧ ಫಲಿತಾಂಶ. 2047ರಲ್ಲಿ ಇವೆರಡನ್ನೂ ಒರೆಹಚ್ಚಿ ನೋಡಬಹುದು. 23ರಿಂದಲೂ 89ರಿಂದಲೂ ಒಂದನ್ನು ಕಳೆದರೆ 22ರಿಂದ ಭಾಗವಾಗುತ್ತವೆ. 8ರಿಂದ ಭಾಗಿಸಿದರೆ 7 ಮತ್ತು 1 ಉಳಿಯುತ್ತವೆ.

ಈ ಎರಡು ಜರಡಿಗಳಿಂದ ಬಣವೆ ಎಷ್ಟು ಕರಗುತ್ತದೆಂಬುದನ್ನು ಹೇಳಲು, ಸ್ವಲ್ಪ ಅವಸರಪಟ್ಟು, ಉತ್ತರವನ್ನು ಈಗಲೇ ಬಿಟ್ಟುಕೊಡಬೇಕಾಗಿದೆ. ಸಿಕ್ಕಿದ ಚಿಕ್ಕ ತುಂಡು 19,37,07,721. ಬೆಸ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿದ್ದರೆ ಇಲ್ಲಿಗೆ ಬರಲು ಸುಮಾರು ಒಂಬತ್ತು ಕೋಟಿ ಅರವತ್ತೆಂಟು ಲಕ್ಷ ಭಾಗಾಕಾರಗಳು ಬೇಕಾಗುತ್ತಿದ್ದುವು. ನಮ್ಮ ನಿದ್ದೆಗೇಡಿ ಮಹಾತ್ಮನಿಗೆ 184 ವರ್ಷ. ಮೊದಲನೆಯ ಜರಡಿ ಹಿಡಿದರೆ 14,45,580 ಉಳಿಯುತ್ತವೆ. ಎರಡನೆಯದನ್ನೂ ಹಿಡಿದರೆ 7,22,790. ಸುಮಾರು ಐನೂರು ದಿನಗಳ ಕೆಲಸ. ಇವುಗಳಲ್ಲಿಯೂ ಅವಿಭಾಜ್ಯಗಳನ್ನಷ್ಟೇ ಆರಿಸಿಕೊಳ್ಳಲು ಸಾಧ್ಯವಾದರೆ ಎಂಬತ್ತು ಸಾವಿರದಷ್ಟು ಉಳಿಯುತ್ತವೆ. ಹನ್ನೊಂದು ಸಾವಿರ ವರ್ಷಗಳ ಬೆಟ್ಟ ಮನುಷ್ಯನ ಆಯುಷ್ಯದೊಳಗೆ ಬಂದು ನಿಂತಿತು. ಆದರೂ ಯಂತ್ರವಿಲ್ಲದ ಕೈಗೆ ಅದು ಸಣ್ಣ ಬೆಟ್ಟವೇನೂ ಅಲ್ಲ.

ಅದನ್ನು ಏರಿದವನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರ್ಯಾಂಕ್ ನೆಲ್ಸನ್ ಕೋಲ್ (1861–1926). ಅವನು ಮೇಲಿನ ಜರಡಿಗಳಷ್ಟಕ್ಕೇ ತೃಪ್ತನಾಗದೆ, ವರ್ಗಶೇಷಗಳ ಸಿದ್ಧಾಂತದಿಂದ ಇನ್ನೂ ನಯವಾದ ಜರಡಿಗಳನ್ನು ಹೆಣೆದುಕೊಂಡನು. 1903ರ ಅಕ್ಟೋಬರ್ 31ರಂದು ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ, ದೊಡ್ಡ ಸಂಖ್ಯೆಗಳ ಅಪವರ್ತನವನ್ನು ಕುರಿತು ಅವನ ಪ್ರಬಂಧ ಮಂಡನೆಯಾಯಿತು. ಗಣಿತಜ್ಞ ಇ. ಟಿ. ಬೆಲ್ ಹೇಳುವ ಪ್ರಕಾರ ಕೋಲ್ ಎದ್ದು ಕರಿಹಲಗೆಯ ಬಳಿಗೆ ಹೋದನು. ಒಂದು ಮಾತನ್ನೂ ಆಡದೆ ಎರಡರ ಅರವತ್ತೇಳನೆಯ ಘಾತವನ್ನು ಲೆಕ್ಕ ಮಾಡಿ ಒಂದನ್ನು ಕಳೆದನು. ಬಳಿಕ ಹಲಗೆಯ ಬರಿದಾದ ಕಡೆಗೆ ಸರಿದು ಎರಡು ಸಂಖ್ಯೆಗಳನ್ನು ಬರೆದು, ಕೈಯಿಂದಲೇ ಗುಣಿಸಿದನು:

193707721 × 761838257287

ಎರಡು ಕಡೆಯ ಉತ್ತರಗಳೂ ಒಂದೇ ಆಗಿದ್ದುವು. ಕೋಲ್ ಮೌನವಾಗಿ ತನ್ನ ಸ್ಥಳಕ್ಕೆ ಮರಳಿದನು. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೊಮ್ಮೆ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಉತ್ತರ ಬಂದಿತಂತೆ. ಬೆಲ್ ಬಡಿಸುವ ಕಥೆಗಳಲ್ಲಿ ಒಗ್ಗರಣೆ ಸ್ವಲ್ಪ ಮುಂದಾಗಿರುತ್ತದೆಂಬುದು ಗಣಿತದ ಇತಿಹಾಸ ಓದಿದವರಿಗೆ ಗೊತ್ತು. ಮೌನವನ್ನೂ ಚಪ್ಪಾಳೆಯನ್ನೂ ಬಿಟ್ಟರೂ ಗುಣಾಕಾರ ಮಾತ್ರ ಉಳಿಯುತ್ತದೆ. ಅದನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ.

ವಾಚಕರು ಒಂದು ಹಾಳೆ ತೆಗೆದುಕೊಂಡು ಅದನ್ನು ಮಾಡಿ ನೋಡಬೇಕೆಂದು ನನ್ನ ಆಗ್ರಹ. ಹೆದರಿಸುವಷ್ಟು ಕಷ್ಟವಿಲ್ಲ. 193707721ರಲ್ಲಿ ಒಂದು ಸೊನ್ನೆ, ಎರಡು ಒಂದುಗಳು, ಮೂರು ಏಳುಗಳಿವೆ. ಆದ್ದರಿಂದ ದೊಡ್ಡ ಸಂಖ್ಯೆಯನ್ನು 2, 3, 7, 9 ಈ ನಾಲ್ಕರಿಂದ ಮಾತ್ರ ಗುಣಿಸಿಟ್ಟುಕೊಂಡರೆ ಉಳಿದುದು ಸಾಲುಗಳನ್ನು ಸರಿಸಿ ಬರೆದು ಕೂಡುವ ಕೆಲಸ. ಅಷ್ಟಕ್ಕೂ ಬೇಸರವಾದರೆ ಒಂಬತ್ತನ್ನು ಕಳೆಯುವ ಹಳೆಯ ತಾಳೆಯನ್ನಾದರೂ ನೋಡಬಹುದು. ಮೊದಲ ಸಂಖ್ಯೆಯ ಅಂಕಗಳ ಮೊತ್ತ 37, ಅದರಿಂದ 10, ಅದರಿಂದ 1. ಎರಡನೆಯದರದು 64, 10, 1. ಗುಣಲಬ್ಧದ ಮೊತ್ತವೂ ಹಾಗೆಯೇ 109, 10, 1. ಒಂದೊಂದಲೆ ಒಂದು. ತಾಳೆ ಬಿದ್ದ ಮಾತ್ರಕ್ಕೆ ಗುಣಾಕಾರ ಸರಿಯೆಂದು ಸಿದ್ಧವಾಗದು. ಬೀಳದಿದ್ದರೆ ತಪ್ಪೆಂಬುದು ಮಾತ್ರ ಸಿದ್ಧ. ಫರ್ಮಾನ ಪರೀಕ್ಷೆಗೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ಗಮನಿಸಬಹುದು.

ಇಲ್ಲಿ ಶ್ರಮಗಳ ಅಂತರವನ್ನು ನೋಡಿ. ತುಂಡುಗಳನ್ನು ಹುಡುಕಲು ಮೂರು ವರ್ಷಗಳ ಭಾನುವಾರಗಳು. ಸಿಕ್ಕಿದ ಮೇಲೆ ಸರಿಯೆಂದು ತಿಳಿಯಲು ಒಂದು ಗಂಟೆಯೂ ಬೇಡ. ಬಹುಕಾಲ ಇದು ಗಣಿತಜ್ಞರ ಮನೆಯೊಳಗಿನ ಕುತೂಹಲವಾಗಿಯೇ ಉಳಿದಿದ್ದಿತು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಇದನ್ನೇ ಬೀಗವನ್ನಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಆರಿಸಿ ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಸಾರಬಹುದು. ಅದನ್ನು ಬಳಸಿ ಯಾರು ಬೇಕಾದರೂ ಸಂದೇಶವನ್ನು ಗೂಢಲಿಪಿಗೆ ತಿರುಗಿಸಬಹುದು. ಬಿಡಿಸಲು ತುಂಡುಗಳನ್ನು ಬಲ್ಲವನಿಂದ ಮಾತ್ರ ಸಾಧ್ಯ. ಇಂದು ಈ ಬಗೆಯ ಬೀಗಗಳಿಗೆ ಬಳಸುವ ಸಂಖ್ಯೆಗಳಲ್ಲಿ ಸಾಮಾನ್ಯವಾಗಿ ಆರುನೂರಕ್ಕೂ ಹೆಚ್ಚು ಅಂಕಗಳಿರುತ್ತವೆ. ಆಯ್ದುಕೊಂಡುದು ಅವಿಭಾಜ್ಯವೆ ಅಲ್ಲವೆ ಎಂಬುದು ಕ್ಷಣಾರ್ಧದಲ್ಲಿ ತಿಳಿಯುವುದರಿಂದ ಬೀಗ ಮಾಡುವುದು ಸುಲಭ. ಗುಣಲಬ್ಧ ಒಡೆಯದಿರುವುದರಿಂದ ಮುರಿಯುವುದು ಕಷ್ಟ. 1876ಕ್ಕೂ 1903ಕ್ಕೂ ನಡುವಣ ಆ ಇಪ್ಪತ್ತೇಳು ವರ್ಷಗಳ ಬಿರುಕಿನಲ್ಲಿಯೇ ನಮ್ಮ ಗುಟ್ಟುಗಳು ಅಡಗಿವೆ.

ಈ ಬಿರುಕಿನ ಒಂದು ದಡವನ್ನು ಭದ್ರಗೊಳಿಸಿದ ಕೀರ್ತಿ ಭಾರತದ್ದು. 2002ರ ಆಗಸ್ಟಿನಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನ ಅವರು, ಯಾವುದೇ ಸಂಖ್ಯೆ ಅವಿಭಾಜ್ಯವೆ ಅಲ್ಲವೆ ಎಂಬುದನ್ನು ಊಹೆಗೂ ಅದೃಷ್ಟಕ್ಕೂ ಎಡೆಯಿಲ್ಲದೆ ನಿರ್ಣಯಿಸುವ ವಿಧಾನವೊಂದನ್ನು ಪ್ರಕಟಿಸಿದರು. ಅಂಕಗಳು ಹೆಚ್ಚಿದಂತೆ ಅದರ ಶ್ರಮ ಬೆಳೆಯುತ್ತದೆಯಾದರೂ ಮಿತಿಮೀರಿ ಬೆಳೆಯುವುದಿಲ್ಲವೆಂದು ಅವರು ಸಾಧಿಸಿದರು. ಅವರ ವಿಧಾನವೂ ಲ್ಯೂಕಾನದರಂತೆ ತುಂಡುಗಳನ್ನು ತೋರಿಸುವುದಿಲ್ಲ. ಇನ್ನೊಂದು ದಡ ಮಾತ್ರ ಇಂದಿಗೂ ಮಂಜಿನಲ್ಲಿದೆ. ಸಂಖ್ಯೆಗಳನ್ನು ಒಡೆಯುವ ಸುಲಭಮಾರ್ಗ ಸಾಮಾನ್ಯ ಗಣಕಯಂತ್ರಗಳಿಗೆ ಸಿಕ್ಕಿಲ್ಲ. ಅಂತಹ ಮಾರ್ಗವೇ ಇಲ್ಲವೆಂದು ಸಾಧಿಸಿದವರೂ ಇಲ್ಲ. ಕ್ವಾಂಟಂ ಗಣಕಯಂತ್ರವೊಂದು ತಕ್ಕಷ್ಟು ದೊಡ್ಡದಾಗಿ ಸಿದ್ಧವಾದರೆ ಒಡೆಯಬಹುದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿದ್ದಾನೆ. 2020ರ ಫೆಬ್ರವರಿಯಲ್ಲಿ ಸ್ಪರ್ಧೆಗೆಂದು ಇಟ್ಟಿದ್ದ 250 ಅಂಕಗಳ ಸಂಖ್ಯೆಯೊಂದನ್ನು ಸಾಮಾನ್ಯ ಯಂತ್ರಗಳಿಂದ ಒಡೆದಾಗ, ಒಂದೇ ಸಂಸ್ಕಾರಕ ದುಡಿದಿದ್ದರೆ ಸುಮಾರು 2,700 ವರ್ಷಗಳಾಗುವಷ್ಟು ಕೆಲಸ ಹಿಡಿಯಿತು.

ಕೋಲನ ಸಂಖ್ಯೆ ಈಗ ಯಾರನ್ನೂ ಕಾಡುವುದಿಲ್ಲ. ಮೇಜಿನ ಮೇಲಿನ ಸಾಧಾರಣ ಯಂತ್ರವೂ ಅದನ್ನು ಒಂದು ಸೆಕೆಂಡಿನೊಳಗೆ ಒಡೆದುಹಾಕುತ್ತದೆ. ಲ್ಯೂಕಾನ ಪರೀಕ್ಷೆ ಮುಂದುವರಿದು, 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮಿಕ್ಕ ಅಂಕಗಳ ಅವಿಭಾಜ್ಯದ ವರೆಗೂ ಬಂದಿದೆ. ಆದರೆ ಅದಕ್ಕಿಂತ ಎಷ್ಟೋ ಚಿಕ್ಕದಾದ, ಬರಿಯ 385 ಅಂಕಗಳ 2¹²⁷⁷ − 1 ಎಂಬ ಸಂಖ್ಯೆಯೊಂದುಂಟು. ಲ್ಯೂಕಾನ ಪರೀಕ್ಷೆಯನ್ನು ಅದಕ್ಕೆ ಒಡ್ಡಿದರೆ ಕೊನೆಯಲ್ಲಿ ಸೊನ್ನೆ ಬರುವುದಿಲ್ಲ. ಆದ್ದರಿಂದ ಅದು ಒಡೆಯುತ್ತದೆ. ಅದರ ಪ್ರತಿಯೊಂದು ಅವಿಭಾಜ್ಯ ತುಂಡಿನಿಂದಲೂ ಒಂದನ್ನು ಕಳೆದರೆ 2554ರಿಂದ ಭಾಗವಾಗಬೇಕು; 8ರಿಂದ ಭಾಗಿಸಿದರೆ 1 ಇಲ್ಲವೆ 7 ಉಳಿಯಬೇಕು; ಅತಿ ಚಿಕ್ಕ ತುಂಡಿನಲ್ಲಿ 193ಕ್ಕಿಂತ ಹೆಚ್ಚು ಅಂಕಗಳಿರಕೂಡದು. ಮರ್ಸೆನನ ಸಂಖ್ಯೆಗಳಲ್ಲಿ ಒಡೆಯುವುದೆಂದು ತಿಳಿದೂ ಒಂದು ತುಂಡೂ ಕೈಗೆ ಸಿಕ್ಕದವುಗಳ ಪೈಕಿ ಅದೇ ಅತಿ ಚಿಕ್ಕದು.